ಐವತ್ತು ಪಟ್ಟು ಹತ್ತಿರ

ನೀವು ನಂಬುವುದಿಲ್ಲ ಅಂತ ಗೊತ್ತಿದ್ದೇ ಬರೆಯುತ್ತಿದ್ದೇನೆ. ಐವತ್ತು ಮೀಟರ್ ಆಚೆ, ಗುರಿಯ ಕಾಗದದ ಮೇಲೆ ಕೂತಿದ್ದ ನೊಣವೊಂದು ಮುಂಗಾಲು ಉಜ್ಜಿಕೊಂಡು, ನನ್ನನ್ನೇ ನೋಡಿ ಆಕಳಿಸಿತು. ಆಕಳಿಕೆ ನನ್ನದೇ ಇರಬಹುದು. ಬೆಳಿಗ್ಗೆಯಿಂದ ಒಂದೇ ಕಣ್ಣಲ್ಲಿ ಬದುಕುತ್ತಿದ್ದವನಿಗೆ ಅಷ್ಟು ವ್ಯತ್ಯಾಸ ಗೊತ್ತಾಗುವುದಿಲ್ಲ.

ಗಡಿಯಾಚೆ ತಮಿಳು ಸೀಮೆಗೆ ಸೇರಿದ ಉದ್ದನಪಲ್ಲಿಯ ನಮ್ಮ ಹೊಲದಲ್ಲಿ ರಾಗಿ ಕುಯ್ಲು ಮುಗಿದಿತ್ತು. ನಾನೂ ಅಕ್ಕನೂ ಅಲ್ಲಿ ಒಂದು ಸ್ಕೋಪನ್ನು ಪರೀಕ್ಷೆ ಮಾಡುತ್ತಿದ್ದೆವು. ಸ್ಕೋಪು ಅಂದರೆ ರೈಫಲ್ ಬೆನ್ನಿಗೆ ಕೂರಿಸುವ ದುರ್ಬೀನು. ಇದು ಐವತ್ತು ಪಟ್ಟು ಹಿಗ್ಗಿಸಿ ತೋರಿಸುವ ಜಾತಿಯದು, ಶೂಟಿಂಗ್ ಕ್ಲಬ್ಬಿನ ಹಿರಿಯರೊಬ್ಬರು ನಂಬಿ ಕೊಟ್ಟದ್ದು. ರೈಫಲ್ ನನ್ನದೇ. ಹೆದರಬೇಡಿ, ಗಾಳಿಯ ಒತ್ತಡದಲ್ಲಿ ಕಡಲೆಗಿಂತ ಚಿಕ್ಕ ಸೀಸದ ಗುಂಡು ಹಾರಿಸುವ ಏರ್ ರೈಫಲ್ ಅದು. ಕಾಗದ ಬಿಟ್ಟು ಬೇರೆ ಶತ್ರುಗಳು ಅದಕ್ಕಿಲ್ಲ.

ಹಿಂದಿನ ಪಂದ್ಯದಲ್ಲಿ ನನ್ನ ಗುಂಡುಗಳು ಕಾಗದದ ತುಂಬ ಸಂಸಾರ ಹೂಡಿದ್ದವು. ತಪ್ಪು ಹಳೇ ಸ್ಕೋಪಿನದು ಎಂದು ಮನೆಯಲ್ಲಿ ದೊಡ್ಡದಾಗಿ ಭಾಷಣ ಮಾಡಿದ್ದೆ. ಫ್ಯಾಕ್ಟರಿಗೆ ಹೊರಟಿದ್ದ ಅಪ್ಪ ಚಪ್ಪಲಿ ಮೆಟ್ಟಿಕೊಳ್ಳುತ್ತಲೇ ತೀರ್ಪು ಕೊಟ್ಟರು.

"ಇದೇ ಕಡೆ ಸಲ ಕಣ್ಲಾ. ಶಿಫ್ಟ್ ಮುಗಿಸ್ಕಂಡು ಹೊಲದ ತಾವ್ಕೇ ಬತ್ತೀನಿ. ಐದು ಗುಂಡು ಒಂದ್ರೂಪಾಯಿ ಬಿಲ್ಲೆಯಷ್ಟಗಲದಾಗೆ ಬಿದ್ದಿದ್ರೆ ಭಾನ್ವಾರ ಪಂದ್ಯಕ್ಕೆ ನಾನೇ ಕರ್ಕಂಡೋಯ್ತೀನಿ. ಇಲ್ದಿದ್ರೆ ಬಂದೂಕು ಮಾರ್ಬುಡಾದೇ."

ಹೀಗೆ ನನ್ನ ಇಡೀ ಭವಿಷ್ಯ ಒಂದು ರೂಪಾಯಿ ಬಿಲ್ಲೆಯಷ್ಟು ಅಗಲಕ್ಕೆ ಬಂದು ನಿಂತಿತ್ತು.

ಅಡುಗೆಮನೆ ಕಟ್ಟೆ ಕಟ್ಟಿದಾಗ ಉಳಿದ ಕರಿ ಗ್ರಾನೈಟ್ ಚಪ್ಪಡಿಯನ್ನು ಇಟ್ಟಿಗೆಗಳ ಮೇಲಿಟ್ಟು ಮೇಜು ಮಾಡಿದ್ದೆವು. ಗುರಿಯ ಹಿಂದೆ ಆಳೆತ್ತರದ ಮಣ್ಣಿನ ದಿಬ್ಬ. ಎಲ್ಲವೂ ಅಚ್ಚುಕಟ್ಟು, ಸ್ಕೋಪೊಂದನ್ನು ಬಿಟ್ಟು. ಅದರೊಳಗೆ ಕಾಗದ ಕೆರೆಯ ತಳದಲ್ಲಿ ಬಿದ್ದಂತೆ ಅಲೆಯುತ್ತಿತ್ತು. ಮೇಲಿನ ತಿರುಪು ತಿರುಗಿಸಿದೆ, ಪಕ್ಕದ್ದನ್ನು ತಿರುಗಿಸಿದೆ, ಮತ್ತೆ ಮೊದಲಿನ ಜಾಗಕ್ಕೇ ತಂದೆ. ಗುಂಡುಗಳು ಮಾತ್ರ ತಮಗೆ ಇಷ್ಟ ಬಂದ ಕಡೆ ಹೋದವು. ಕತ್ತು ಮರಗಟ್ಟಿತು. ಕಣ್ಣಲ್ಲಿ ಎಷ್ಟು ನೀರು ಹರಿಯಿತೆಂದರೆ ಅದರಲ್ಲಿ ಒಂದು ಪಾತಿ ಟೊಮೇಟೊ ಬೆಳೆಯಬಹುದಿತ್ತು.

"ಸ್ಕೋಪಲ್ಲ, ನಿನ್ ಕೈಯೇ ನಡುಗ್ತಾ ಐತೆ," ಅಂದಳು ಅಕ್ಕ.

"ಕೈಯಲ್ಲ, ಎದೆ ಬಡ್ಕೊಳ್ಳಾದು. ಐವತ್ತು ಪಟ್ಟಿನಾಗೆ ಅದೂ ಕಾಣ್ತೈತೆ. ಹೃದಯ ಇರೋರಿಗೆ ಹಂಗಾಯ್ತದೆ, ನಿಂಗೊತ್ತಾಗಾಕಿಲ್ಲ ಬುಡು."

"ಥೂ, ಹೋಗ್ಲಾ. ನಂಗೂ ಸಾಕಾಗೈತೆ," ಅಂದವಳೇ ಚಪ್ಪಡಿಯ ತುದಿಯಲ್ಲಿ ಕೂತಳು. ಕೂತಷ್ಟೇ ಬೇಗ ಎದ್ದಳು. "ಅಯ್ಯಯ್ಯಪ್ಪಾ! ದೋಸೆ ಹುಯ್ಬೋದು ಕಣೋ ಇದ್ರ ಮ್ಯಾಲೆ!"

ನಾನು ನಗುತ್ತಿದ್ದೆ. ಅವಳು ನಗಲಿಲ್ಲ. ಬಗ್ಗಿ ಚಪ್ಪಡಿಯ ಮೇಲಿನ ಗಾಳಿಯನ್ನೇ ಓರೆಯಾಗಿ ನೋಡಿದಳು. ಕಾದ ಕಲ್ಲಿಂದ ಝಳ ಎದ್ದು ಸ್ಕೋಪಿನ ಮೂಗಿನ ಮುಂದೆಯೇ ಕುಣಿಯುತ್ತಿತ್ತು. ಅಷ್ಟು ಹೊತ್ತು ನಾನು ನಮ್ಮದೇ ಅಡುಗೆಮನೆ ಕಲ್ಲಿನ ಬಿಸಿಯನ್ನು ಐವತ್ತು ಪಟ್ಟು ಹಿಗ್ಗಿಸಿ ನೋಡುತ್ತಿದ್ದೆ.

ಅಕ್ಕ ಎರಡು ಗೋಣಿಚೀಲಗಳನ್ನು ಬೋರ್‌ವೆಲ್ ತೊಟ್ಟಿಯಲ್ಲಿ ಅದ್ದಿ ತಂದು ಚಪ್ಪಡಿಗೆ ಹೊದಿಸಿದಳು. ಚುಂಯ್ ಅಂದಿತು. ಸ್ವಲ್ಪ ಹೊತ್ತಿಗೆ ಕಾಗದ ನಿಂತಿತು, ಫೋಟೋ ತೆಗೆಸಿಕೊಳ್ಳುವ ಮದುಮಗನಂತೆ ನೆಟ್ಟಗೆ. ಹೊಸ ಕಾಗದ ಅಂಟಿಸಿ ಬಂದು ಹೊಡೆದೆ. ಮೊದಲ ಗುಂಡು ನಟ್ಟ ನಡುವೆ ಬಿತ್ತು. ಎರಡನೆಯದು ಅದರ ಮಗ್ಗುಲಿಗೆ, ಮೂರನೆಯದು ಅದೇ ತೂತಿಗೆ. ನಾಲ್ಕನೆಯದು ಎಲ್ಲಿ ಹೋಯಿತೆಂದು ಹುಡುಕಬೇಕಾಯಿತು, ಹೊಸ ತೂತೇ ಇರಲಿಲ್ಲ. ನಾನು ಸ್ಕೋಪಿನಿಂದ ಕಣ್ಣು ತೆಗೆದು ಅಕ್ಕನ ಕಡೆ ನೋಡಿದೆ, ಹೊಗಳಲಿ ಎಂದು.

"ಇನ್ನೊಂದೈತೆ, ಮೊದ್ಲು ಹೊಡಿ. ಆಮ್ಯಾಕೆ ಮೆರೀವಂತೆ."

ಅಷ್ಟರಲ್ಲಿ ಗೋಣಿ ಒಣಗಿ ಕಾಗದ ಮತ್ತೆ ಅಲುಗಲು ಶುರುವಾಯಿತು. ಅಕ್ಕ ಸ್ಕೋಪಿನ ಮುಂದಿದ್ದ ಚೀಲ ಎಳೆದುಕೊಂಡು ತೊಟ್ಟಿಯ ಕಡೆ ಹೊರಟಳು. ಸ್ಕೋಪಿಗೆ ಕಣ್ಣಿಟ್ಟವನಿಗೆ ಮೊಳದಗಲ ಬಿಟ್ಟು ಲೋಕ ಕಾಣುವುದಿಲ್ಲ. ಆದ್ದರಿಂದ ಬಯಲನ್ನು ನೋಡಿ ಹೇಳುವುದು ಅವಳ ಕೆಲಸವಾಗಿತ್ತು.

"ಎದುರ್ಗೆ ಯಾರಾದ್ರೂ ಅವ್ರಾ?" ಅಂದೆ.

"ಯಾರೂ ಇಲ್ಲ, ಹೊಡ್ಕೋ," ಅಂದಳು, ಹೋಗುತ್ತಲೇ.

ನನಗೆ ಆತುರವಿರಲಿಲ್ಲ. ಗುಂಡು ತುಂಬಿ, ಬಂದೂಕಿನ ಕುದುರೆಗೆ ಬೆರಳು ತಾಗಿಸಿ, ಝಳ ತಗ್ಗುವ ಒಂದು ಗಳಿಗೆಗಾಗಿ ಕಾದೆ. ಬೆವರು ಹುಬ್ಬಿನಿಂದ ಇಳಿದು ಕಣ್ಣಿಗೆ ಬಂತು. ಒರೆಸಿಕೊಳ್ಳುವಷ್ಟೂ ಶಕ್ತಿ ಇರಲಿಲ್ಲ. ಕಾಗದ ಅಲುಗಿತು, ಅಲುಗಿತು, ನಿಂತಿತು. ಬೆರಳು ಅರ್ಧ ಎಳೆದಿತ್ತು.

ಸ್ಕೋಪಿನ ತುಂಬ ನೀಲಿ ಬಣ್ಣ ಬಂತು.

ಬಟ್ಟೆ. ಫ್ಯಾಕ್ಟರಿಯ ನೀಲಿ ಅಂಗಿ. ಸ್ಕೋಪಿನೊಳಗಿನ ಗುರಿಯ ಎರಡು ಗೆರೆಗಳು ಕೂಡುವ ಜಾಗದಲ್ಲಿ, ಬೆನ್ನಿನ ಮೇಲೊಂದು ತೇಪೆ, ತೇಪೆಗೆ ಅಮ್ಮ ಹಾಕಿದ ಕಪ್ಪು ದಾರ. ಅದು ಉಸಿರಾಟಕ್ಕೆ ಏರುತ್ತಿತ್ತು, ಇಳಿಯುತ್ತಿತ್ತು. ಬೆರಳು ಹೇಗೆ ಹೊರಗೆ ಬಂತೋ ತಿಳಿಯದು. ಗುಂಡು ಹಾರದಂತೆ ಹಿಂದಿನ ಬೋಲ್ಟನ್ನು ಎಳೆದು ತೆರೆದೆ. ಆಗ ತೊಟ್ಟಿಯ ಕಡೆಯಿಂದ ಅಕ್ಕ ಕಿರುಚಿದಳು, "ಅಪ್ಪಾ!"

ಶಿಫ್ಟ್ ಬೇಗ ಬಿಟ್ಟಿತ್ತಂತೆ. ಅಪ್ಪ ಬದಿಯ ಬದುವಿನಿಂದ ಬಂದವರು, ನಮ್ಮನ್ನು ಕೂಗಲೂ ಇಲ್ಲದೆ ನೇರ ಕಾಗದದ ಹತ್ತಿರ ಹೋಗಿದ್ದರು. ಎಲ್ಲರಿಗಿಂತ ಮೊದಲು ನೋಡುವ ಆಸೆ.

ಅವರು ತಿರುಗಿ ನಳಿಗೆಯನ್ನು ನೋಡಿದರು, ನನ್ನನ್ನು ನೋಡಿದರು. ಕಾಗದ ಕಿತ್ತುಕೊಂಡು ನಿಧಾನವಾಗಿ ನಡೆದು ಬಂದರು. ಸಿಟ್ಟು ಬಂದರೆ ಅಪ್ಪ ತಮಿಳಿಗೆ ಹಾರುತ್ತಾರೆ. ಆವತ್ತು ಕನ್ನಡದಲ್ಲೇ, ಬಹಳ ಮೆಲ್ಲಗೆ ಮಾತಾಡಿದರು.

"ಎಲ್ಲಾ ಒಂದೇ ತಾವ ಬಿದ್ದವೆ. ಸ್ಕೋಪು ಚೆನ್ನಾಗೈತೆ," ಅಂದರು. ಕಾಗದವನ್ನು ಮಡಿಸಿ ಜೇಬಿಗಿಟ್ಟುಕೊಂಡರು. "ಬಿಚ್ಚಿ ಕೊಟ್ಟೋರಿಗೆ ವಾಪಸ್ ಕೊಟ್ಬುಡು. ಬಂದೂಕು ಇತ್ಲಾಗ್ ತತ್ತಾ, ಮಾರ್ಬುಡಾದೇ."