ಬಿಟ್ಟುಹೋದವಳ ಫೋನಿಗೆ ಬಂದ ನಂಬರು

ಆಗ ನನಗೆ ಅರವತ್ತೆಂಟು. ಮೂರು ವರ್ಷದ ಹಿಂದಿನ ಮಾತು. ಮೊಮ್ಮಗಳಿಗೆ ನಾಲ್ಕು ತುಂಬಿತ್ತು. ಸ್ವಲ್ಪ ಓಡಿದರೆ ಸಾಕು, ದಾರಿಯಲ್ಲೇ ಕುಕ್ಕರಗಾಲಲ್ಲಿ ಕೂತುಬಿಡುತ್ತಿದ್ದಳು. ತುಟಿ ನೇರಳೆಹಣ್ಣು ತಿಂದ ಹಾಗೆ ಕಪ್ಪಾಗುತ್ತಿತ್ತು. ಅಂಗನವಾಡಿಗೆ ಬಂದ ಡಾಕ್ಟರು ಎದೆಗೆ ಕೊಳವೆ ಇಟ್ಟು ಕೇಳಿ, ಹೃದಯದಲ್ಲಿ ತೂತಿರಬಹುದು, ತುಮಕೂರಿಗೆ ಕರೆದುಕೊಂಡು ಹೋಗಿ, ತಡ ಮಾಡಬೇಡಿ ಎಂದರು.

ಕಳಿಸುವ ಮುಂಚೆ ಸರ್ಕಾರದ ಪುಕ್ಕಟೆ ಚಿಕಿತ್ಸೆಗೆ ಮಗುವಿನ ಹೆಸರನ್ನು ಫೋನಿನಲ್ಲಿ ಸೇರಿಸಬೇಕಂತೆ. ನಮ್ಮೂರಿನ ಆಶಾ ಕಾರ್ಯಕರ್ತೆ ಜಗಲಿಯ ಮೇಲೆ ಕೂತು ಫೋನು ಒತ್ತಿದಳು, ಒತ್ತಿದಳು, ಆಮೇಲೆ ನನ್ನ ಮುಖ ನೋಡಿದಳು.

"ಅಜ್ಜಿ, ಒಂದ್ ನಂಬರ್ ಬತ್ತದೆ. ಅದ್ನ ಹಾಕಿದ್ರೇನೇ ಮುಂದಕ್ಕೋಗೋದು. ಅದು ನಿನ್ ಸೊಸೆ ಫೋನಿಗೆ ಹೋಗೈತೆ."

"ನನಗೆಲ್ಲವ್ಳೆ ಸೊಸೆ? ಬೇರೆ ಫೋನಿಗೆ ಹಾಕು."

"ಬದ್ಲಾಯ್ಸಕ್ಕೂ ಅವಳ ಫೋನಿಗೇ ನಂಬರ್ ಬರೋದು ಕಣಜ್ಜಿ. ಮಗು ಹುಟ್ಟಿದಾಗ ಅವಳ್ದೇ ಕೊಟ್ಟಿರೋದು."

ನನ್ನ ಮಗ ಕುಡಿದು ಹೊಡೆಯುತ್ತಿದ್ದ, ಅವಳು ಬಿಟ್ಟಳು. ಇದರಲ್ಲಿ ಮುಚ್ಚಿಡುವುದೇನೂ ಇಲ್ಲ. ಹಿರಿಯರು ಕೂತು ತಾಳಿ ವಾಪಸು ಕೊಡಿಸಿದರು. ಶಿರಾ ಕಡೆ ತಾವರೆಕೆರೆಯವನಿಗೆ ಕೂಡಿಕೆಯಾಗಿ, ಅಂದರೆ ಎರಡನೇ ಗಂಡನ ಮನೆಗೆ, ಹೋದಳು. ನಮ್ಮಲ್ಲಿ ಅದು ಹೊಸದಲ್ಲ. ಮಗು ನಮ್ಮದು, ಎರಡು ಮನೆಗೂ ಇನ್ನು ಮಾತುಕತೆ ಇಲ್ಲ ಎಂದು ಎಲೆ ಅಡಿಕೆ ಹಿಡಿದು ಮಾತು ಕೊಟ್ಟವಳು ನಾನೇ. ಅಂಥ ಮಾತು ಮುರಿದವರ ಮನೆಗೆ ನಮ್ಮವರು ಹೆಣ್ಣೂ ಕೊಡುವುದಿಲ್ಲ, ಅಲ್ಲಿ ನೀರೂ ಕುಡಿಯುವುದಿಲ್ಲ.

ಮಗು ಹೊಸ್ತಿಲಲ್ಲಿ ಕುಕ್ಕರಗಾಲಲ್ಲಿ ಕೂತು ಏದುಸಿರು ಬಿಡುತ್ತಿತ್ತು.

"ಮಾಡು ಫೋನು" ಎಂದೆ.

ಫೋನು ಎತ್ತಿದ್ದು ಅವಳ ಹೊಸ ಅತ್ತೆ.

"ಯಾರು?"

"ಅವಳ ಮೊದಲ್ನೆ ಅತ್ತೆ."

"ಏನಮ್ಮ, ಹಿರೀರ ಮುಂದೆ ಆಡಿದ ಮಾತು ಮರ್ತೋಯ್ತಾ? ಬಾಯಾಗಿನ ಎಲೆ ಅಡ್ಕೆ ಇನ್ನೂ ಆರಿಲ್ಲ!"

"ಆರಿದ್ದೂ ಆಯ್ತು, ಉಗ್ದಿದ್ದೂ ಆಯ್ತು. ಮಗೀನ ಎದೇಲಿ ತೂತೈತಂತೆ. ಅವಳ್ನ ಕರಿ."

ಆ ಕಡೆ ಅವಳು ಕೂಗಿದ್ದು ಕೇಳಿಸಿತು. "ಲೇ, ಹುಲ್ಲು ಅಲ್ಲೇ ಬಿಸಾಕಿ ಬಾರೇ! ನಿನ್ ಮಗೀಗೆ ಏನೋ ಆಗೈತಂತೆ."

ಅವಳು ಬರುವಷ್ಟರಲ್ಲಿ ಮೊದಲು ಬಂದ ನಂಬರು ಹೊತ್ತು ಮೀರಿ ನಡೆಯದಂತಾಗಿತ್ತು. ಆಶಾ ಇನ್ನೊಂದು ತರಿಸಿದಳು. ಸೊಸೆ ಒಂದೊಂದೇ ಅಂಕಿ ಓದಿದಳು. ಅರ್ಧಕ್ಕೆ ಅಳುತ್ತಾ ಅಂಕಿ ತಪ್ಪಿಸಿದಳು.

"ಅಳ್ಬೇಡ, ಸರಿಯಾಗ್ ಓದು. ಇದೂ ಸತ್ತೋಗ್ತದೆ" ಎಂದೆ.

ಓದಿದಳು. ಫೋನು ಒಪ್ಪಿಕೊಂಡಿತು. "ನಾಳೇನೇ ಹೋಗಜ್ಜಿ" ಎಂದಳು ಆಶಾ.

ಇನ್ನೇನು ಫೋನು ಇಡಬೇಕು ಅನ್ನುವಾಗ, "ಅತ್ತೆ, ನಾನೂ ಆಸ್ಪತ್ರೆಗೆ ಬರ್ಲಾ?" ಎಂದಳು ಸೊಸೆ.

"ನನ್ನೇನ್ ಕೇಳ್ತೀಯ? ನಿಮ್ಮತ್ತೇನ ಕೇಳು" ಎಂದು ಫೋನು ಆಶಾಳ ಕೈಗೆ ಕೊಟ್ಟೆ.

ರಾತ್ರಿ ನಿದ್ದೆ ಬರಲಿಲ್ಲ ಎಂದರೆ ಸುಳ್ಳಾಗುತ್ತದೆ. ಮಲಗಿದೆ, ನಿದ್ದೆ ಬಂತು. ಆದರೆ ಎದ್ದಾಗ, ಮಾತು ಮುರಿದದ್ದು ಮೊದಲು ನೆನಪಾಯಿತು. ಊರಿಗೆ ಆಗಲೇ ಗೊತ್ತಾಗಿತ್ತು. ನಲ್ಲಿಯ ಹತ್ತಿರ ಇಬ್ಬರು ನನ್ನನ್ನು ಕಂಡು ಮಾತು ನಿಲ್ಲಿಸಿದರು.

ಬಸ್ಸಿನ ಹತ್ತಿರ ಆಶಾ ಬಂದಿದ್ದಳು. "ಅಜ್ಜಿ, ಅವಳ್ನ ಇನ್ನೊಂದ್ಸಲ ಕೇಳಿ ನಿನ್ ನಂಬರೇ ಹಾಕ್ಬುಡ್ಲಾ? ಆಮೇಲೆ ಅವಳ ಸಾವಾಸವೇ ಇರಲ್ಲ."

"ಬ್ಯಾಡ. ಇದು ಒಂದ್ ದಿನದ ಆಸ್ಪತ್ರೆ ಅಲ್ಲ. ನಾನ್ ಸತ್ರೆ ಫೋನ್ ಎತ್ತೋರ್ಯಾರು? ಇವಳ ಅಪ್ಪನಾ? ಅವ್ಳದೇ ಇರ್ಲಿ" ಎಂದೆ. "ಅವಳಿಗೊಂದು ಫೋನ್ ಮಾಡು. ತುಮಕೂರ್ ಆಸ್ಪತ್ರೆ ಬಾಗಿಲಲ್ಲಿ ಇರ್ತೀವಿ ಅಂತ ಹೇಳು."

ಮಗುವನ್ನು ಸೊಂಟಕ್ಕೆ ಏರಿಸಿಕೊಂಡು ಮಧುಗಿರಿ ಮೇಲೆ ತುಮಕೂರಿಗೆ ಹೋಗುವ ಬಸ್ಸು ಹತ್ತಿದೆ.