ಕ್ಯಾಬಿನೆಟ್ಟಿನೊಳಗಿನ ಕುಂಕುಮ

ಅತ್ತಿಗೆ, ನಮ್ಮ ಸ್ಟುಡಿಯೋದ ಆ ಹಳೆಯ ಕಂಪ್ಯೂಟರ್ ಕೆಟ್ಟದ್ದು ನಿಮ್ಮ ಕುಂಕುಮದಿಂದಲ್ಲ. ನೀವು ಹಾಕಿದ ಅಕ್ಷತೆಯಿಂದಲೂ ಅಲ್ಲ. ಕೆಡಿಸಿದವನು ನಾನು. ಬೇಕೆಂದೇ ಕೆಡಿಸಿದೆ. ಆಮೇಲೆ ತಪ್ಪು ನಿಮ್ಮ ತಲೆಗೆ ಬಂದಾಗ ಬಾಯಿ ಮುಚ್ಚಿಕೊಂಡು ನಿಂತಿದ್ದೆ — ಅದೂ ಪೂರ್ತಿ ನಿಜವಲ್ಲ. ಬಾಯಿ ಮುಚ್ಚಿಕೊಂಡಿದ್ದರೆ ಎಷ್ಟೋ ವಾಸಿಯಿತ್ತು. ನಾನು ಒಂದು ಮಾತು ಆಡಿದೆ.

ಇಷ್ಟು ವರ್ಷ ಸುಮ್ಮನಿದ್ದೆ. ಈಗ ಹೇಳುತ್ತಿರುವುದಕ್ಕೆ ಕಾರಣವಿದೆ. ಮೊನ್ನೆ ಅಣ್ಣ ಮತ್ತೆ ಅದೇ ಪ್ರಶ್ನೆ ಎತ್ತಿದ. ಹೊಸ ಜನರೇಷನ್ ಪ್ರೊಸೆಸರ್ ಬಂದಿದೆಯಂತೆ, ಹಾಕಿಸೋಣವೋ, ಇರುವುದರಲ್ಲೇ ಇನ್ನಷ್ಟು ದಿನ ದೂಡೋಣವೋ ಎಂದ. ನೀವು ಪಕ್ಕದಲ್ಲೇ ಹೂ ಕಟ್ಟುತ್ತಾ ಕೂತಿದ್ದಿರಿ. ನಿಮ್ಮನ್ನೂ ಕೇಳಿದ. ನೀವು ತಲೆ ಎತ್ತದೆ, "ನನ್ನೇನ್ರೀ ಕೇಳ್ತೀರಾ, ಕೆಡ್ಸಿದೋಳ್ನ" ಎಂದಿರಿ. ಅಣ್ಣ ನಕ್ಕ. ನನಗೆ ಕೂತಲ್ಲಿ ಕೂರಲಾಗಲಿಲ್ಲ. ಟೀ ಕುಡಿದು ಬರುತ್ತೇನೆಂದು ಎದ್ದು ಹೋದೆ.

ನಿಮಗೆ ಗೊತ್ತಿರುವುದನ್ನೂ ಸೇರಿಸಿ ಮೊದಲಿನಿಂದ ಹೇಳುತ್ತೇನೆ. ನಡುವಿನಿಂದ ಶುರು ಮಾಡಿದರೆ ಎಲ್ಲೋ ನುಣುಚಿಕೊಂಡುಬಿಡುತ್ತೇನೆ — ನನ್ನ ಬುದ್ಧಿ ನನಗೆ ಗೊತ್ತು.

ಗುಬ್ಬಿಯ ನಮ್ಮ ಸ್ಟುಡಿಯೋದಲ್ಲಿ ಆಗ ಇದ್ದದ್ದು ಒಂದೇ ಕಂಪ್ಯೂಟರ್. ಅಣ್ಣ ಮದುವೆಗಳಿಗೆ ಹೋಗಿ ಫೋಟೋ, ವಿಡಿಯೋ ತೆಗೆದು ತರುತ್ತಿದ್ದ. ಬೆಳಿಗ್ಗೆ ನೀವು ಆಲ್ಬಮ್ ಡಿಸೈನ್ ಮಾಡುತ್ತಿದ್ದಿರಿ, ಮಧ್ಯಾಹ್ನದ ಮೇಲೆ ನಾನು ವಿಡಿಯೋ ಎಡಿಟ್ ಮಾಡುತ್ತಿದ್ದೆ. ಕೊತ್ತಗೆರೆಯಿಂದ ಮದುವೆಯಾಗಿ ಬಂದಾಗ ನಿಮಗೆ ಮೌಸ್ ಹಿಡಿಯಲು ಬರುತ್ತಿರಲಿಲ್ಲ. ಕಲಿಸಿದವನು ನಾನು. ಕಲಿತ ಮೇಲೆ ನನ್ನನ್ನು ಎಲ್ಲೋ ಹಿಂದೆ ಬಿಟ್ಟು ಹೋದಿರಿ. ಗಂಡು ಹೆಣ್ಣಿನ ಫೋಟೋ ಯಾರು ಬೇಕಾದರೂ ಜೋಡಿಸುತ್ತಾರೆ. ನೀವು ಮೂಲೆಯ ಕುರ್ಚಿಯಲ್ಲಿ ಕೂತ ಅಜ್ಜಿಯನ್ನು ಹುಡುಕಿ ತೆಗೆಯುತ್ತಿದ್ದಿರಿ, ಪಂಕ್ತಿಯಲ್ಲಿ ಸಾರು ಬಡಿಸುತ್ತಿದ್ದ ದೊಡ್ಡಪ್ಪನಿಗೆ ಜಾಗ ಮಾಡುತ್ತಿದ್ದಿರಿ. ಈಯಮ್ಮನನ್ನು ಬಿಟ್ಟರೆ ಮುನಿಸಿಕೊಳ್ಳುತ್ತಾರೆ ಎಂದು, ಯಾರೆಂದೇ ಗೊತ್ತಿಲ್ಲದವರ ಮುಖ ನೋಡಿ ಹೇಳುತ್ತಿದ್ದಿರಿ. ಆಲ್ಬಮ್ ಅಕ್ಕನೇ ಮಾಡಲಿ ಎಂದು ಜನ ಕೇಳಿಕೊಂಡು ಬರುತ್ತಿದ್ದರು. ನನಗೆ ಹೊಟ್ಟೆಕಿಚ್ಚಿತ್ತೇ? ಇತ್ತು. ಅದನ್ನೂ ಬರೆದುಬಿಡುತ್ತೇನೆ.

ನನ್ನ ವಿಡಿಯೋ ಮಾತ್ರ ತೆವಳುತ್ತಿತ್ತು. ಕುಣಿಗಲ್‌ನ ಒಬ್ಬರ ದೊಡ್ಡ ಮಗಳ ಮದುವೆ ವಿಡಿಯೋ ತಡವಾಗಿ, ಅವರ ಎರಡನೇ ಮಗಳ ಮದುವೆ ತುಮಕೂರಿನ ಬೇರೆ ಸ್ಟುಡಿಯೋದ ಪಾಲಾಯಿತು. ಅಣ್ಣ ನನ್ನ ಮುಖ ನೋಡಿದ. ನಾನು ಹಳೆಯ ಪ್ರೊಸೆಸರ್ ಕಡೆ ಬೆರಳು ತೋರಿಸಿದೆ. ಹೊಸ ಜನರೇಷನ್ ಬಂದಿತ್ತು. ಊಟ ಮಾಡುವಾಗಲೂ ಅದರ ರಿವ್ಯೂಗಳನ್ನೇ ನೋಡುತ್ತಿದ್ದೆ. ಅಣ್ಣ ವಿಚಾರಿಸಿ ಬಂದ. ಪ್ರೊಸೆಸರ್ ಒಂದೇ ಬದಲಿಸಿದರೆ ಸಾಲದು, ಮದರ್‌ಬೋರ್ಡ್, ರ‍್ಯಾಮ್ ಎಲ್ಲವೂ ಬದಲಾಗಬೇಕು, ಅದರ ಬದಲು ಮುಂದಿನ ಜನರೇಷನ್‌ವರೆಗೆ ಕಾಯೋಣ ಎಂದ. ನಾನು ಹಟ ಹಿಡಿದೆ. ಅವನು ನಿಮ್ಮನ್ನು ಕೇಳಿದ. ಚೆನ್ನಾಗಿ ನಡೆಯುತ್ತಿರುವುದನ್ನು ಯಾಕೆ ತೆಗೆಯಬೇಕು ಎಂದಿರಿ. ಅಲ್ಲಿಗೆ ಮಾತು ಮುಗಿಯಿತು. ನನಗೆ ನಿಮ್ಮ ಮೇಲೆ ಬಂದ ಸಿಟ್ಟು — ಈಗ ನೆನೆದರೆ ನಾಚಿಕೆಯಾಗುತ್ತದೆ.

ಅದೇ ಹೊತ್ತಿಗೆ ಆಯುಧಪೂಜೆ ಬಂತು. ಎಲ್ಲರೂ ಮಾನಿಟರ್ ಮೇಲೆ ಒಂದು ಬೊಟ್ಟಿಟ್ಟು ಹೂ ಏರಿಸಿ ಮುಗಿಸುತ್ತಾರೆ. ನೀವು ಹಾಗಲ್ಲ. ಪ್ರತಿ ವರ್ಷ ಕಂಪ್ಯೂಟರಿನ ಕ್ಯಾಬಿನೆಟ್ ಡಬ್ಬದ ಪಕ್ಕದ ಬಾಗಿಲು ಬಿಚ್ಚಿಸಿ, ಧೂಳು ಊದಿಸಿ, ಒಳಗಡೆಯ ತಗಡಿಗೇ ಅರಿಶಿನ ಕುಂಕುಮ ಹಚ್ಚಿ ಅಕ್ಷತೆ ಹಾಕುತ್ತಿದ್ದಿರಿ. ದುಡಿಯುವುದು ಒಳಗಿರುವುದು, ಡಬ್ಬಕ್ಕೆ ಪೂಜೆ ಮಾಡಿ ಏನು ಬಂತು ಎಂದು ನಿಮ್ಮ ವಾದ. ಅದರಿಂದ ಒಂದು ವರ್ಷವೂ ಏನೂ ಆಗಿರಲಿಲ್ಲ.

ಹಬ್ಬ ಕಳೆದ ಮೇಲೆ ನೀವಿಬ್ಬರೂ ಗೂಳೂರಿಗೆ ನೆಂಟರ ಮನೆ ಊಟಕ್ಕೆ ಹೋದಿರಿ. ಆ ಮಧ್ಯಾಹ್ನ ನಾನು ಕ್ಯಾಬಿನೆಟ್ ಬಿಚ್ಚಿದೆ. ಪ್ರೊಸೆಸರ್ ಮೇಲೆ ಅದನ್ನು ತಣ್ಣಗಿಡುವ ಫ್ಯಾನ್ ಕೂತಿರುತ್ತದಲ್ಲ, ಅದರ ಎರಡು ಪಿನ್ ಸಡಿಲ ಮಾಡಿದೆ. ಕಾದು ಕಾದು ಆಫ್ ಆಗಲಿ, ಹಳೆಯದಾಯಿತು ಎಂದು ಅಣ್ಣನಿಗೆ ತಾನಾಗಿಯೇ ಅನ್ನಿಸಲಿ — ಅಷ್ಟೇ ನನ್ನ ಲೆಕ್ಕ. ನಾನು ಕೂತಾಗಲೇ ಆಫ್ ಆಗುತ್ತದೆ ಎಂದುಕೊಂಡಿದ್ದೆ ಎಂದು ಬಹಳ ಕಾಲ ನನಗೆ ನಾನೇ ಹೇಳಿಕೊಂಡು ಬಂದೆ. ಸುಳ್ಳು. ಮರುದಿನ ಬೆಳಿಗ್ಗೆ ಮೊದಲು ಕೂರುವವರು ನೀವೇ ಎಂದು ನನಗೆ ಗೊತ್ತಿತ್ತು.

ಮರುದಿನ ನೀವು ಒಂದು ಆಲ್ಬಮ್‌ನ ನಡುವೆ ಇದ್ದಿರಿ. ಸ್ಕ್ರೀನ್ ಕಪ್ಪಾಯಿತು. ಮತ್ತೆ ಆನ್ ಮಾಡಿದರೆ ಮತ್ತೆ ಕಪ್ಪಾಯಿತು. ಅಣ್ಣ ಬಂದು ಬಾಗಿಲು ತೆಗೆದ. ತಗಡಿನ ಮೇಲೆ ಕುಂಕುಮ, ಬೋರ್ಡಿನ ಅಂಚಿನಲ್ಲಿ ನಾಲ್ಕು ಅಕ್ಷತೆ ಕಾಳು. ಅವನು ನನ್ನ ಕಡೆ ತಿರುಗಿದ.

"ಇದ್ರಿಂದ ಆಗೈತೇನ್ಲಾ ಮಂಜ?"

"ಇರ್ಬೋದು ಕಣಣ್ಣ" ಎಂದೆ.

ನಾನಾಡಿದ ಮಾತು ಅದೇ. ಹೌದು ಎನ್ನಲಿಲ್ಲ, ಇರಬಹುದು ಎಂದೆ — ಅಷ್ಟು ಜಾಣ ನಾನು. ಫೋಟೋ ತೆಗೆಸಿಕೊಳ್ಳಲು ಬಂದವರು ಬೆಂಚಿನ ಮೇಲೆ ಕೂತಿದ್ದರು, ಅವರ ಮುಂದೆಯೇ ಅಣ್ಣ, "ಮಿಷನ್‌ಗೂ ದೇವ್ರಿಗೂ ವ್ಯತ್ಯಾಸ ಗೊತ್ತಾಗಲ್ವೇನೇ ನಿಂಗೆ?" ಎಂದ. ನೀವು ಸೆರಗಿನ ತುದಿಯಿಂದ ಕುಂಕುಮ ಒರೆಸಲು ಹೋದಿರಿ. ಮುಟ್ಟಬೇಡ ಎಂದ. ಚಾಚಿದ ಕೈ ಹಿಂದಕ್ಕೆ ತೆಗೆದುಕೊಂಡಿರಿ. ಆ ಕೈ ಮತ್ತೆ ಕೀಬೋರ್ಡಿಗೆ ಬರಲೇ ಇಲ್ಲ.

ಹೊಸ ಪ್ರೊಸೆಸರ್ ಹಾಕಿದ ಕಂಪ್ಯೂಟರ್ ಬಂತು, ಹಳೆಯದು ಹಾಗೇ ಅಟ್ಟ ಸೇರಿತು. ಚೆನ್ನಾಗಿತ್ತು, ವೇಗವಾಗಿತ್ತು, ಅದರ ಮೇಲೆ ನನ್ನ ದೂರೇನಿಲ್ಲ. ಕರೆದರೆ ನೀವು ಬರಲಿಲ್ಲ. ಮುಂದಿನ ವರ್ಷದ ಆಯುಧಪೂಜೆಗೆ ಕುಂಕುಮದ ತಟ್ಟೆಯನ್ನು ನನ್ನ ಕೈಗೆ ಕೊಟ್ಟು ಹೊಸಿಲಾಚೆ ನಿಂತಿರಿ. ನಿಮ್ಮ ಮಗಳು ಕ್ಯಾತ್ಸಂದ್ರದ ಹಾಸ್ಟೆಲ್ಲಿನಿಂದ ವಿಡಿಯೋ ಕಾಲ್ ಮಾಡಿದರೆ ಇವತ್ತಿಗೂ ಫೋನ್ ತಂದು ನನ್ನ ಮುಂದೆ ಹಿಡಿಯುತ್ತೀರಿ. "ನೀನೇ ಒತ್ತು ಮಂಜು, ನನ್ ಕೈ ಸರಿ ಇಲ್ಲ." ನಾನು ಒತ್ತುತ್ತೇನೆ. ಇಷ್ಟು ವರ್ಷ ಒತ್ತಿಕೊಂಡೇ ಬಂದಿದ್ದೇನೆ, ಅತ್ತಿಗೆ. ಅಂಥವನು ನಾನು.

ನೀವು ಅರ್ಧಕ್ಕೆ ಬಿಟ್ಟ ಆಲ್ಬಮ್ ಅನ್ನು ನಾನೇ ಮುಗಿಸಿದೆ. ಫೋಟೋಗಳ ಇನ್ನೊಂದು ಪ್ರತಿ ಅಣ್ಣನ ಬಳಿ ಇತ್ತು. ನೀವು ಮಾಡಿಟ್ಟ ಪುಟಗಳನ್ನು ಮಾತ್ರ ತೆಗೆದುಕೊಳ್ಳಲಿಲ್ಲ — ಪಿನ್ ಒತ್ತಿ ಆ ಹಳೆಯ ಡಬ್ಬ ಆನ್ ಮಾಡಿದರೆ ಅದು ಕೆಟ್ಟೇ ಇಲ್ಲ ಎಂದು ಗೊತ್ತಾಗುತ್ತಿತ್ತಲ್ಲ. ರೆಡಿ ಡಿಸೈನ್‌ಗೆ ಫೋಟೋ ತುಂಬಿ ಕೊಟ್ಟುಬಿಟ್ಟೆ. ಆಲ್ಬಮ್ ತೆಗೆದುಕೊಂಡು ಹೋದ ಮದುವಣಗಿತ್ತಿಯ ಅಮ್ಮ ಕೆಲವು ತಿಂಗಳ ಮೇಲೆ ವಾಪಸ್ ಬಂದರು. ತಮ್ಮ ತಾಯಿ ತೀರಿಕೊಂಡರು, ಆಲ್ಬಮ್‌ನಲ್ಲಿ ಅವರದೊಂದೂ ಇಲ್ಲವಲ್ಲ ಎಂದರು. ಆ ಅಜ್ಜಿಯ ಫೋಟೋ ಯಾವುದೂ ಸರಿಯಾಗಿ ಬಂದಿರಲಿಲ್ಲ ಎಂದು ಹೇಳಿ ಕಳಿಸಿದೆ. ಹುಡುಕಿಯೂ ಇರಲಿಲ್ಲ.

ಮೊನ್ನೆ ಟೀ ಕುಡಿಯಲೆಂದು ಎದ್ದವನು ಅಟ್ಟ ಹತ್ತಿ ಆ ಹಳೆಯ ಕ್ಯಾಬಿನೆಟ್ ಇಳಿಸಿದೆ. ಪ್ರೊಸೆಸರ್‌ಗೆ ಬಿಸಿ ಹೀರುವ ಹೊಸ ಪೇಸ್ಟ್ ಹಚ್ಚಿ, ಫ್ಯಾನಿನ ಆ ಎರಡು ಪಿನ್ ಒತ್ತಿ ಕೂರಿಸಿದೆ. ಆನ್ ಆಯಿತು. ಸಂಜೆಯವರೆಗೂ ಒಂದು ಸಲವೂ ಆಫ್ ಆಗಲಿಲ್ಲ. ನಿಮ್ಮ ಕುಂಕುಮ ಒಳಗೆ ಹಾಗೇ ಇದೆ, ಬಣ್ಣ ಸ್ವಲ್ಪ ಕಪ್ಪಾಗಿದೆ. ಆ ಆಲ್ಬಮ್‌ನ ಫೈಲ್ ತೆರೆದೆ. ನೀವು ಕೊನೆಯದಾಗಿ ಸೇವ್ ಮಾಡಿದ ಪುಟದಲ್ಲಿ ಒಬ್ಬರು ಅಜ್ಜಿ — ಕುರ್ಚಿಯಲ್ಲಿ ಕೂತು, ಬಾಯಲ್ಲಿ ಎಲೆ ಅಡಿಕೆ ತುಂಬಿಕೊಂಡು ನಗುತ್ತಿದ್ದಾರೆ. ಇಡೀ ಪುಟ ಅವರಿಗೇ ಬಿಟ್ಟಿದ್ದಿರಿ.

ನಾನು ತುಂಬಾ ಹೊತ್ತು ಅತ್ತೆ. ಅದರಿಂದ ನಿಮಗೇನೂ ಆಗಬೇಕಾಗಿಲ್ಲ.

ಆ ಪುಟ ಪ್ರಿಂಟ್ ಹಾಕಿಸಿದ್ದೇನೆ. ಅವರ ಮನೆಗೆ ನಾನೇ ತೆಗೆದುಕೊಂಡು ಹೋಗಿ, ಇದನ್ನು ಮಾಡಿದವರು ಯಾರು, ಇದು ಅವರಿಗೆ ಸಿಗದಂತೆ ಮಾಡಿದವನು ಯಾರು ಎಂದು ಹೇಳಿ ಬರುತ್ತೇನೆ. ಹೊಸ ಪ್ರೊಸೆಸರ್ ಹಾಕಿಸಬೇಕೋ ಬೇಡವೋ ಎಂದು ಹೇಳುವ ಯೋಗ್ಯತೆ ನನಗಿಲ್ಲ. ಅದನ್ನು ನೀವು ಹೇಳಿ, ಇಲ್ಲವೇ ಅಣ್ಣ ಹೇಳಲಿ. ನೀವು ಮತ್ತೆ ಆ ಕುರ್ಚಿಯಲ್ಲಿ ಕೂರಿ ಎಂದೂ ಕೇಳುವುದಿಲ್ಲ. ಕ್ಷಮಿಸಿ ಎಂದೂ ಕೇಳುವುದಿಲ್ಲ. ಕೇಳಿದರೆ ನೀವು ಬುಡು ಮಂಜು ಎಂದುಬಿಡುತ್ತೀರಿ.

ನಾಳೆ ಬೆಳಿಗ್ಗೆ ಅಣ್ಣ ಸ್ಟುಡಿಯೋ ಬಾಗಿಲು ತೆಗೆದು, ಬೆಂಚಿನ ಮೇಲೆ ಜನ ಬಂದು ಕೂತ ಮೇಲೆ, ಆ ಕ್ಯಾಬಿನೆಟ್ಟನ್ನು ಮೇಜಿನ ಮೇಲಿಟ್ಟು ಪಕ್ಕದ ಬಾಗಿಲು ಬಿಚ್ಚುತ್ತೇನೆ. ನೀವೂ ಬನ್ನಿ. ಅಣ್ಣ ಅವತ್ತು ಕೇಳಿದ ಪ್ರಶ್ನೆಗೆ ಅವರೆಲ್ಲರ ಮುಂದೆ ಮತ್ತೆ ಉತ್ತರ ಕೊಡುತ್ತೇನೆ. ಇದ್ರಿಂದ ಅಲ್ಲ ಕಣಣ್ಣ. ನನ್ನಿಂದ.