ಚೀಟಿಯಲ್ಲಿ ಬಂದ ಅತಿಥಿ

ಗಂಜಿ ಹಾಕಿದ ಕಾಟನ್ ಸೀರೆ, ಅದರ ಕೆಳಗೆ ಗಂಡಸರ ಬಿಳಿ ಕ್ಯಾನ್ವಾಸ್ ಶೂ. ನಮ್ಮ ಹೆಡ್‌ಮಿಸ್ ಅಸೆಂಬ್ಲಿಗೆ ನಡೆದು ಬರುವಾಗ ಬಿಚ್ಚಿಹೋದ ಲೇಸು ನೆಲ ಗುಡಿಸುತ್ತಿತ್ತು. ದೊಡ್ಡನೆಕ್ಕುಂದಿಯಲ್ಲಿ ನೀರಿನ ಟ್ಯಾಂಕರುಗಳು ಮಾಡುವ ಕೆಸರಿಗೆ ಚಪ್ಪಲಿ ತಾಳುವುದಿಲ್ಲ ಎಂಬುದು ಅವರ ವಾದ. ನಾವು ಬೆನ್ನ ಹಿಂದೆ ನಗುತ್ತಿದ್ದುದು ಅವರಿಗೆ ಗೊತ್ತಿತ್ತು, ಕೇರ್ ಮಾಡುತ್ತಿರಲಿಲ್ಲ.

ನಮ್ಮ ಹೈಸ್ಕೂಲಿನಲ್ಲಿ ಟೆಕ್ ಪಾರ್ಕಿನವರ ಮಕ್ಕಳೂ ಇದ್ದರು, ಗಾರೆ ಕೆಲಸದವರ ಮಕ್ಕಳೂ ಇದ್ದರು. ಆಡಳಿತ ಮಂಡಳಿಯ ಜೊತೆ ಜಗಳವಾಡಿ ನಮ್ಮಂಥ ಬಡವರ ಮಕ್ಕಳನ್ನು ಸೇರಿಸಿಕೊಂಡವರು ಹೆಡ್‌ಮಿಸ್ಸೇ. ಊಟದ ಹೊತ್ತಿಗೆ ಜಾತಿ, ಧರ್ಮ, ಅಂತಸ್ತು ನೋಡಿ ಗುಂಪು ಕಟ್ಟಿ ಕೂತರೆ ಕಿವಿ ಹಿಂಡಿ ಎಬ್ಬಿಸುತ್ತಿದ್ದರು. "ಪಕ್ಕದವರ ಜೊತೆ ಕೂರೋಕಾಗಲ್ಲ, ಫಾರಿನ್ನವರ ಸ್ನೇಹ ಬೇಕಂತೆ!" ಎಂದು ಗದರುತ್ತಿದ್ದರು. ವರ್ಷಕ್ಕೊಮ್ಮೆ ಜರ್ಮನಿಯ ಶಾಲೆಯೊಂದರಿಂದ ಮಕ್ಕಳು ಬಂದು ಒಂದು ವಾರ ನಮ್ಮ ಮನೆಗಳಲ್ಲಿ ಉಳಿಯುತ್ತಿದ್ದರು. ಯಾರು ಯಾರ ಮನೆಗೆ ಎಂಬುದನ್ನು ಹೆಡ್‌ಮಿಸ್ ಚೀಟಿ ಎತ್ತಿ ತೀರ್ಮಾನಿಸುತ್ತಿದ್ದರು. ಆಮೇಲೆ ಬ್ರಹ್ಮ ಬಂದರೂ ಬದಲಾಯಿಸುತ್ತಿರಲಿಲ್ಲ.

ಒಂಬತ್ತನೇ ಕ್ಲಾಸಿನಲ್ಲಿ ಒಬ್ಬ ಜರ್ಮನ್ ಹುಡುಗಿಯ ಜೊತೆ ನನ್ನ ಹೆಸರು ಬಂತು. ಕಲಬುರಗಿ ಕಡೆಯಿಂದ ಬಂದ ನಾವು ನಾಲ್ವರು ಇದ್ದದ್ದು ಒಂದೇ ಬಾಡಿಗೆ ಕೋಣೆಯಲ್ಲಿ. ಇಡೀ ವಠಾರಕ್ಕೆ ಒಂದು ಪಾಯಿಖಾನೆ. ಮರುದಿನವೇ ಅಪಾರ್ಟ್‌ಮೆಂಟಿನ ಪೋಷಕರು ಆಫೀಸಿಗೆ ನುಗ್ಗಿದರು.

"ಅಂಥ ಕಡೆ ಇಡ್ತೀರಾ ಮೇಡಂ ಆ ಮಗೂನ? ಸ್ಕೂಲ್ ಮರ್ಯಾದೆ ಏನಾಗ್ಬೇಕು?"

"ಮರ್ಯಾದೆ ಟೈಲ್ಸಲ್ಲಿರಲ್ಲ ಕಣ್ರೀ," ಅಂದರು ಹೆಡ್‌ಮಿಸ್. ಹೊರಗೆ ನಿಂತು ಕೇಳಿಸಿಕೊಂಡ ನನಗೆ ಹೆಮ್ಮೆಯೇನೂ ಆಗಲಿಲ್ಲ. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಅಪ್ಪ ಒಂದು ಉಪಾಯ ಹೂಡಿದ. ಮಹಡಿಯ ಮೇಲಿದ್ದ ವಠಾರದ ಓನರಿನ ಕೈಕಾಲು ಹಿಡಿದು, ಆ ಒಂದು ವಾರ ಅವರ ಮನೆಯನ್ನೇ ನಮ್ಮದೆಂದು ತೋರಿಸಲು ಒಪ್ಪಿಸಿದ. ಅವರ ಸೋಫಾದ ಮೇಲಿನ ಗೋಡೆಗೆ ನಮ್ಮ ಅಜ್ಜನ ಫೋಟೊ ತೂಗುಹಾಕಿದ್ದೂ ಆಯಿತು. ಹುಡುಗಿ ಬರುವ ಹಿಂದಿನ ಸಂಜೆ ಮನೆ ನೋಡಲು ಬಂದ ಹೆಡ್‌ಮಿಸ್ ಅಜ್ಜನ ಫೋಟೊ ನೋಡಿದರು, ಪಕ್ಕದಲ್ಲಿದ್ದ ಓನರಿನ ಮದುವೆ ಫೋಟೊ ನೋಡಿದರು, ಸೋಫಾದ ತುದಿಯಲ್ಲಿ ಮುದುಡಿ ಕೂತಿದ್ದ ಅವ್ವನನ್ನೂ ನೋಡಿದರು. "ನಿಮ್ಮ ಮನೆ ತೋರ್ಸಿ," ಅಂದರು.

ಕೆಳಗಿಳಿದೆವು. ನಮ್ಮ ಬಾಗಿಲಲ್ಲಿ ನಿಂತು ಹೆಡ್‌ಮಿಸ್, "ಇದಕ್ಯಾಕಮ್ಮ ನಾಚಿಕೆ? ಆ ಹುಡುಗಿ ಇಲ್ಲೇ ಇರ್ಲಿ. ಜನ ಹೇಗೆ ಬದುಕ್ತಾರೆ ಅಂತ ಅವಳೂ ನೋಡ್ಲಿ," ಅಂದರು.

ಅವ್ವ ಯಾರೆದುರೂ ದನಿ ಎತ್ತಿದವಳಲ್ಲ. ಅವತ್ತು ಎತ್ತಿದಳು. "ನಮ್ಮ ಬಡತನ ನೋಡಾಕ ಕರ್ಕೊಂಡ್ ಬರ್ತೀರೇನ್ರಿ ಅಕಿನ್ನ? ಮಂದಿ ಮಗಳು ಪಾಯಿಖಾನಿಗೆ ಪಾಳಿ ನಿಂತ್ರ ನಾ ಹ್ಯಾಂಗ ನಿದ್ದಿ ಮಾಡ್ಲಿ? ನಿಮ್ಮ ಪಾಠಕ್ಕ ನಮ್ಮ ಮನೀನ ಬೇಕಾಗಿತ್ತೇನ್ರಿ?"

ಹೆಡ್‌ಮಿಸ್ ಮುಖ ಕಪ್ಪಿಟ್ಟಿತು. ಹೊಸ್ತಿಲ ಬಳಿ ನೆಲಕ್ಕೇ ಕೂತರು. "ತಪ್ಪಾಯ್ತು ತಾಯಿ. ನಿಮ್ಮನ್ನ ಒಂದ್ಮಾತು ಕೇಳ್ದೆ ಚೀಟಿಗೆ ಹೆಸ್ರು ಹಾಕ್ಬಿಟ್ಟೆ. ಹೇಗೆ ಮಾಡೋಣ, ನೀವೇ ಹೇಳಿ."

ಅವ್ವ ಹೇಳಿದಂತೆಯೇ ಆಯಿತು. ಹುಡುಗಿ ಮಲಗಿದ್ದು ಮೇಲೆ, ಓನರಿನ ಮಗಳ ಜೊತೆ. ಉಂಡದ್ದು, ನಕ್ಕದ್ದು, ಖಾರಕ್ಕೆ ಮೂಗು ಸುರಿಸಿದ್ದು ನಮ್ಮ ಕೋಣೆಯಲ್ಲಿ. ಆದರೂ ಅಪಾರ್ಟ್‌ಮೆಂಟಿನವರು ಬಿಡಲಿಲ್ಲ. ಫಾರಿನ್ ಮಗುವಿಗೆ ಕೊಳೆಗೇರಿ ತೋರಿಸಿದರೆಂದು ದೂರು ಕೊಟ್ಟರು. ಆಡಳಿತ ಮಂಡಳಿ ಚೀಟಿ ನಿಲ್ಲಿಸಿ 'ಅನುಕೂಲಸ್ಥ' ಮನೆಗಳನ್ನು ತಾನೇ ಆರಿಸತೊಡಗಿತು. ಗೇಟಿನ ಮೇಲಿದ್ದ 'ಜಗವೆಲ್ಲ ಒಂದೇ ಮನೆ' ಎಂಬ ಬೋರ್ಡಿಗೆ ಹೊಸ ಬಣ್ಣವನ್ನೂ ಬಳಿಸಿತು. ಹೆಡ್‌ಮಿಸ್ ರಾಜೀನಾಮೆ ಕೊಟ್ಟು ಹೋದರು. ಒಂದು ಬೀಳ್ಕೊಡುಗೆಯೂ ಇರಲಿಲ್ಲ.

ಹೋದ ವರ್ಷ ಅವರು ಕಾಯಿಲೆ ಬಿದ್ದಾಗ ವೈಟ್‌ಫೀಲ್ಡಿನ ಮನೆಗೆ ಹೋಗಿದ್ದೆ. ನಾನೂ ಟೀಚರಾಗಿದ್ದೇನೆ ಎಂದಾಗ ಖುಷಿಪಟ್ಟರು. ಹೊರಡುವಾಗ ಕೈ ಹಿಡಿದುಕೊಂಡು, "ನಿಮ್ಮಮ್ಮ ಕೇಳಿದ್ದು ಇನ್ನೂ ಚುಚ್ಚುತ್ತೆ ಕಣೇ. ಒಳ್ಳೇದು ಮಾಡ್ತಿದೀನಿ ಅನ್ನೋ ಜಂಬದಲ್ಲಿ ಎದುರಿಗಿದ್ದೋರೇ ಕಾಣ್ಲಿಲ್ಲ ನಂಗೆ," ಅಂದರು. ಹಾಗಲ್ಲ ಮಿಸ್, ನಿಮ್ಮಿಂದಲೇ ನಾನು ಓದಿದ್ದು ಎಂದೆ. ಅವರು ಸಮಾಧಾನಗೊಂಡಂತೆ ಕಾಣಲಿಲ್ಲ.

ಕೆಲವೇ ದಿನಗಳಲ್ಲಿ ತೀರಿಕೊಂಡರು. ಸುದ್ದಿ ಕೇಳಿ ಅವ್ವ ಒಲೆ ಆರಿಸಿ ಗೋಡೆಗೊರಗಿ ಕೂತಳು. "ಈ ಊರಿಗೆ ಬಂದಾಗಿಂದ ಎಷ್ಟ್ ಮಂದಿ ನಮ್ಮ ಬಾಗಲಕ್ಕ ಬಂದು ಬೈದು ಹೋದ್ರು. ತಪ್ಪಾತು ಅಂದಾಕಿ ಅಕಿ ಒಬ್ಬಾಕಿನ ನೋಡು," ಎಂದು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು.

ಅವರು ಬದುಕಿದ್ದಾಗ ಅವ್ವ ಈ ಮಾತನ್ನು ಒಮ್ಮೆಯೂ ಆಡಿರಲಿಲ್ಲ.